ಇಳಿಸುವ ಪದ

ಗಂಜಾಂ, ಶ್ರೀರಂಗಪಟ್ಟಣ
ಭಾನುವಾರ

ನನ್ನ ದೊಡ್ಡವ್ವ ಚಿಕ್ಕಬೋರಮ್ಮನಿಗೆ,

ನಿನ್ನ ತಂಗಿಯ ಮಗ ಕಿಶನ್ ಬರೆಯುತ್ತಿದ್ದೇನೆ. ಕ್ಷೇಮ ವಿಚಾರಿಸುವ ಯೋಗ್ಯತೆ ನನಗಿಲ್ಲ, ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ. ನಿನಗೆ ಓದು ಬಾರದು. ಇದನ್ನು ಓದಿ ಹೇಳುವವಳು ನಿನ್ನ ಮೊಮ್ಮಗಳು ಮೇಘನ. ಮೇಘನ, ನೀನಿನ್ನೂ ಒಂಬತ್ತನೇ ಕ್ಲಾಸು. ಇಂಥದ್ದನ್ನು ನಿನ್ನ ಬಾಯಿಂದ ಹೇಳಿಸುವುದು ತಪ್ಪು. ಆದರೆ ನಿಮ್ಮ ಮನೆಯೊಳಗೆ ಫೋನಿನಲ್ಲಿ ಯಾರ ದನಿಯನ್ನೂ ಹಾಕಕೂಡದು ಎಂದು ಅಜ್ಜಿ ಹೇಳಿಬಿಟ್ಟಿದ್ದಾಳಂತೆ. ನಾನೇ ಬಂದು ಹೇಳೋಣವೆಂದರೆ, ಎರಡು ಸಲ ಸಂತೆಬಾಚಹಳ್ಳಿಯವರೆಗೂ ಬಂದು, ನಿಮ್ಮ ಬೀದಿಗೆ ತಿರುಗಲಾರದೆ ವಾಪಸ್ಸು ಹೋದೆ. ಆದ್ದರಿಂದ ಒಂದು ಸಾಲನ್ನೂ ಬಿಡದೆ ಓದು.

ದೊಡ್ಡವ್ವ, ನೀನು ಇಳಿಸುವ ಪದವನ್ನು ಮರೆತಿರಲಿಲ್ಲ. ಪೂರ್ತಿ ಹಾಡಿದ್ದೆ. ಅದನ್ನು ಕತ್ತರಿಸಿದವನು ನಾನು. ನೀನು ಮರೆತೆ ಎಂದು ನಿನ್ನ ಮಗಳು ಪವಿತ್ರಕ್ಕನಿಗೆ ಸುಳ್ಳು ಹೇಳಿದವನೂ ನಾನೇ.

ಹೋದ ವಾರ ಅವ್ವ ನಿಮ್ಮೂರಿಗೆ ಬಂದು ಹೋದಳಲ್ಲ, ವಾಪಸ್ಸು ಬಂದವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಹೇಳಿದಳು. ಪವಿತ್ರಕ್ಕನ ಮಗು ಅಳುತ್ತಿದ್ದರೆ ನೀನು ಸುಮ್ಮನೆ ತಟ್ಟುತ್ತೀಯಂತೆ, ಒಂದು ಜೋಗುಳವಿಲ್ಲ, ಗುನುಗುವುದೂ ಇಲ್ಲ. ಹಾಡಕ್ಕ ಎಂದು ಅವ್ವ ಅಂದದ್ದಕ್ಕೆ ಬಾಯಿಗೆ ಸೆರಗು ಒತ್ತಿಕೊಂಡು, "ಈ ಬಾಯೇ ಕಣೆ ನನ್ನ ಮಗಳ್ನ ತಿಂದಿದ್ದು. ಏರಿಸ್ಬುಟ್ಟು ಇಳಿಸ್ದೆ ಎದ್ದು ಬಂದ್ನಲ್ಲ" ಎಂದೆಯಂತೆ. ಐದು ತಿಂಗಳಿಂದ ನೀನು ಹೀಗೇ ಇದ್ದೀಯ ಎಂದು ಗೊತ್ತಾದ ಮೇಲೆ ನನಗೆ ಬಾಯಿ ಮುಚ್ಚಿಕೊಂಡು ಕೂರಲು ಆಗಲಿಲ್ಲ.

ಮೇಘನಳಿಗೆ ಆ ಪದದ ವಿಚಾರ ಪೂರ್ತಿ ಗೊತ್ತಿರಲಾರದು, ಅವಳಿಗಾಗಿ ಬರೆಯುತ್ತೇನೆ. ಅಮ್ಮ ಮೈಮೇಲೆ ಬರುವ ಹೆಂಗಸನ್ನು ನಡುಮನೆಯಲ್ಲಿ ಕೂರಿಸುತ್ತಾರೆ. ಮೊದಲು ನಿಮ್ಮ ಅಜ್ಜಿಯದು ಒಂದೇ ದನಿ. ತಾಳವಿಲ್ಲ, ಏನಿಲ್ಲ, ಬಾಗಿಲಲ್ಲಿ ನಿಂತು ನೆಂಟರನ್ನು ಕರೆದ ಹಾಗೆ. ಸ್ವಲ್ಪ ಹೊತ್ತಾದ ಮೇಲೆ ಇಬ್ಬರು ಹೆಂಗಸರು ಸಾಲಿನ ಕೊನೆಯನ್ನು ಹಿಡಿದು ಮತ್ತೆ ಹಾಡುತ್ತಾರೆ. ಆಮೇಲೆ ತಾಳ. ತಾಳ ಕೂಡಿದ ಮೇಲೆ ತಮಟೆ, ಮೊದಲು ದೂರದಲ್ಲೆಲ್ಲೋ ಬಡಿದ ಹಾಗೆ, ಆಮೇಲೆ ಎದೆಯೊಳಗೇ ಬಡಿದ ಹಾಗೆ. ಕೊನೆಗೆ ಅಜ್ಜಿಯ ಸಾಲು ಮುಗಿಯುವ ಮುಂಚೆಯೇ ಹಿಮ್ಮೇಳ ನುಗ್ಗುತ್ತದೆ, ಅದು ಮುಗಿಯುವ ಮುಂಚೆ ಅಜ್ಜಿ. ಒಂದರ ಮೇಲೊಂದು ಬಿದ್ದು ಯಾವ ದನಿ ಯಾರದು ತಿಳಿಯುವುದಿಲ್ಲ. ಕೂತವಳು ಆಗ ಏಳುತ್ತಾಳೆ. ಕೇಳುವುದನ್ನು ಕೇಳುತ್ತಾರೆ. ಅಲ್ಲಿಗೆ ಮುಗಿಯುವುದಿಲ್ಲ. ಇಳಿಸಬೇಕು. ಮೊದಲು ತಮಟೆ ನಿಲ್ಲುತ್ತದೆ, ಆಮೇಲೆ ತಾಳ, ಆಮೇಲೆ ಹಿಮ್ಮೇಳ. ಅಜ್ಜಿ ಒಬ್ಬಳೇ ಅವಳ ಮುಂಗೈ ಹಿಡಿದುಕೊಂಡು ಹಾಡುತ್ತಾಳೆ. ಬಂದ ದಾರೀಲಿ ಹೋಗಿ ಬಾರವ್ವ, ಮಗಳ ಮೈಯ ಮಗಳಿಗೇ ಬಿಟ್ಟು. ಅದು ಮುಗಿಯುವವರೆಗೆ ಯಾರೂ ಹೊಸಿಲು ದಾಟುವಂತಿಲ್ಲ. ನಾನು ಚಿಕ್ಕವನಿದ್ದಾಗ ಒಂದಕ್ಕೆ ಅವಸರವಾಗಿ ಎದ್ದರೆ, ನೀನು ಹಾಡುತ್ತಲೇ ನನ್ನ ಚಡ್ಡಿ ಹಿಡಿದು ಕೂರಿಸಿದ್ದು ನೆನಪಿದೆಯಾ ದೊಡ್ಡವ್ವ?

ಈಗ ರೆಕಾರ್ಡಿಂಗಿನ ದಿನದ ಮಾತು. ಹೋದ ವರ್ಷ ಯುಗಾದಿಗೆ ಮುಂಚೆ. ಆಗ ನಾನು ಪಾಂಡವಪುರದಲ್ಲಿ ದೊರೆಸ್ವಾಮಿಯವರ ಸ್ಟುಡಿಯೋದಲ್ಲಿದ್ದೆ. ವೆಲ್ಡಿಂಗ್ ಬಿಟ್ಟು, ಬಸ್ಸಿನ ಕೆಲಸ ಬಿಟ್ಟು, ಕಬ್ಬಿನ ಹಾಲಿನ ಅಂಗಡಿ ಬಿಟ್ಟು ಸೇರಿದ ಜಾಗ. ಗೊಬ್ಬರದ ಅಂಗಡಿಯ ಮೇಲಿನ ಒಂದು ರೂಮು, ಗೋಡೆಗೆಲ್ಲ ಮೊಟ್ಟೆ ಇಡುವ ಟ್ರೇ ಅಂಟಿಸಿದ್ದೆವು. ನೀನು ಒಳಗೆ ಬಂದವಳೇ "ಇದೇನ್ಲಾ, ಕೋಳಿ ಫಾರಮ್ಮಿಗೆ ಕರ್ಕಂಬಂದಿದ್ದೀಯಾ?" ಎಂದೆ. ಕಿವಿಗೆ ಹೆಡ್‌ಫೋನ್ ಹಾಕಿದರೆ "ಎರಡು ಕೊಬ್ರಿ ಗಿಟುಕು ಕಟ್ಬುಟ್ಟಲ್ಲೋ" ಎಂದು ನಕ್ಕೆ. ದೊರೆಸ್ವಾಮಿಯವರೂ ನಕ್ಕರು. ಅವತ್ತು ನನಗೆ ಎಷ್ಟು ಜಂಬವಿತ್ತೆಂದರೆ, ಸ್ಕೂಲು ಬಿಟ್ಟವನು ಎಂದು ಆಡಿಕೊಂಡವರೆಲ್ಲ ಬಂದು ನೋಡಲಿ ಎನ್ನಿಸಿತ್ತು.

ತಮಟೆಯವರು ಕೆ.ಆರ್. ಪೇಟೆಯಿಂದ ಬರಬೇಕಿತ್ತು. ತಿಥಿಯೊಂದಕ್ಕೆ ಸಿಕ್ಕಿಕೊಂಡು ಬೆಳಗ್ಗೆ ಬರಲಿಲ್ಲ. ಸುಮ್ಮನೆ ಕಾಯುವುದೇಕೆ ಎಂದು ನಾನೇ ಹೇಳಿದೆ, ತಮಟೆ ಇಲ್ಲದ ಭಾಗವನ್ನು ಮೊದಲು ಮುಗಿಸೋಣ, ಇಳಿಸುವುದನ್ನು ಹಾಡಿಬಿಡು ಎಂದು. ಸ್ಟುಡಿಯೋದಲ್ಲಿ ಹಾಗೆಯೇ ಮಾಡುತ್ತೇವೆ. ಹಿಂದಿನದು ಮುಂದೆ, ಮುಂದಿನದು ಹಿಂದೆ, ಆಮೇಲೆ ಕೂಡಿಸಿಕೊಂಡರೆ ಆಯಿತು. ನೀನು ಒಪ್ಪಲಿಲ್ಲ. "ಏರೋಕ್ ಮೊದ್ಲೇ ಇಳಿಯೋದಾ? ಯಾವ ಸೀಮೆ ಹಾಡ್ಲಾ ಇದು?" ಎಂದೆ. ನಾನು ಕಾಡಿ ಒಪ್ಪಿಸಿದೆ. ಊಟಕ್ಕೆ ಮುಂಚೆ ನೀನು ಇಳಿಸುವುದನ್ನು ಹಾಡಿದೆ. ಊಟವಾಯಿತು, ಮೂರು ಗಂಟೆಗೆ ತಮಟೆ ಬಂತು, ಏರುವುದನ್ನು ಹಾಡಿದೆ, ಐದರ ಬಸ್ಸು ಹತ್ತಿದೆ. ಆ ದಿನದ ಕೊನೆಗೆ ನೀನು ಹಾಡಿದ್ದು ಏರುವ ಭಾಗ. ಅದಕ್ಕೇ ನಿನಗೆ ಇಳಿಸದೆ ಎದ್ದು ಬಂದೆ ಎಂದೇ ನೆನಪು. ನಿನ್ನ ತಲೆ ಮಂಕಾಗಿಲ್ಲ ದೊಡ್ಡವ್ವ. ದಿನವನ್ನು ತಲೆಕೆಳಗು ಮಾಡಿದವನು ನಾನು.

ಬಸ್ಸು ಹತ್ತುವಾಗ ನೀನು ಹೇಳಿದ್ದು ಒಂದೇ ಮಾತು. "ಏರ್ಸಿದ್ಮೇಲೆ ಇಳಿಸ್ಲೇಬೇಕು ಕಣ್ಲಾ. ಮಧ್ಯದಲ್ಲಿ ಕತ್ರಿ ಹಾಕ್ಬುಟ್ಟೀಯ, ಜೋಕೆ." ಹೂಂ ಎಂದೆ.

ಕಂಪ್ಯೂಟರಿನಲ್ಲಿ ಹಾಡು ಪಟ್ಟೆ ಪಟ್ಟೆಯಾಗಿ ಕಾಣುತ್ತದೆ, ಒಂದರ ಕೆಳಗೆ ಒಂದು. ನಿನ್ನದೊಂದು ಪಟ್ಟೆ, ಹಿಮ್ಮೇಳದ್ದೊಂದು, ತಾಳದ್ದು, ತಮಟೆಯದ್ದು. ನಿನ್ನ ಒಂದು ದನಿಯ ಮೇಲೆ ನಿನ್ನದೇ ಇನ್ನೂ ಮೂರು ದನಿಗಳನ್ನು ಹಾಸಿದೆ. ತಮಟೆಯ ಕೆಳಗೆ, ಕಿವಿಗಲ್ಲ, ಹೊಟ್ಟೆಗೆ ಕೇಳಿಸುವಂಥ ಒಂದು ಗುಡುಗು ಸೇರಿಸಿದೆ. ಹತ್ತು ದಿನ ಅದರಲ್ಲೇ ಇದ್ದೆ. ನಿಜ ಹೇಳುತ್ತೇನೆ, ನನ್ನ ಬದುಕಿನಲ್ಲಿ ಅಷ್ಟು ಚೆನ್ನಾಗಿ ಬೇರೆ ಯಾವ ಕೆಲಸವನ್ನೂ ಮಾಡಿಲ್ಲ. ಏರಿದ ತುದಿಯನ್ನು ಮತ್ತೆ ಮತ್ತೆ ಹಾಕಿಕೊಂಡು ಕೇಳುತ್ತಿದ್ದೆ. ಅದಾದ ಮೇಲೆ ನಾಲ್ಕು ನಿಮಿಷ ಇಳಿಯುವುದು ಬರುತ್ತಿತ್ತು. ಅದು ನನಗೆ ಸಪ್ಪೆ ಎನ್ನಿಸಿತು. ಕತ್ತರಿಸಿದೆ. ಕತ್ತರಿಸಿದ ಜಾಗ ಗೊತ್ತಾಗದ ಹಾಗೆ ತುದಿಯಲ್ಲೇ ನಿಲ್ಲಿಸಿದೆ.

ತಪ್ಪನ್ನು ದೊರೆಸ್ವಾಮಿಯವರ ಮೇಲೆ ಹಾಕಬಹುದಿತ್ತು. ಅವರೂ ಅದನ್ನೇ ಹೇಳಿದರು: "ಕೊನೆ ಭಾಗ ಯಾರಪ್ಪ ಕೇಳ್ತಾರೆ? ತಮಟೆ ನಿಂತ ತಕ್ಷಣ ಜನ ಬೇರೆ ವಿಡಿಯೋಗೆ ಹೋಗಿಬಿಡ್ತಾರೆ." ಆದರೆ ಅವರು ಹೇಳುವ ಹಿಂದಿನ ದಿನವೇ ನಾನು ಕತ್ತರಿಸಿಯಾಗಿತ್ತು.

ಆ ಹಾಡು ಎಲ್ಲೆಲ್ಲಿ ಹೋಯಿತು ಎಂಬುದು ನಿನಗೆ ಗೊತ್ತು. ಬೂಕನಕೆರೆಯಲ್ಲಿ, ನಾಗಮಂಗಲದಲ್ಲಿ, ಆಟೋಗಳಲ್ಲಿ, ಹಾಲಿನ ಡೇರಿಯ ಮುಂದೆ, ಎಲ್ಲ ಕಡೆ ನಿನ್ನ ದನಿ. ಪವಿತ್ರಕ್ಕನ ಅತ್ತೆ ಪುಟ್ಟಲಕ್ಷ್ಮಮ್ಮನವರ ಫೋನಿನಲ್ಲೂ.

ಹೆರಿಗೆಯಾಗಿ ಇಪ್ಪತ್ತು ದಿನಕ್ಕೆ ಅಕ್ಕನಿಗೆ ನಿದ್ದೆ ಬಾರದಾಯಿತು. ಗೋಡೆಯೊಡನೆ ಮಾತಾಡುತ್ತಿದ್ದಳಂತೆ. ಡಾಕ್ಟರು, ಬಾಣಂತನದಲ್ಲಿ ಕೆಲವರಿಗೆ ಹೀಗಾಗುತ್ತದೆ, ಬಿಡದೆ ಕೊಡಿ ಎಂದು ಮಾತ್ರೆ ಬರೆದುಕೊಟ್ಟರು. ಒಂಬತ್ತು ದಿನ ಕೊಟ್ಟು ಅತ್ತೆ ನಿಲ್ಲಿಸಿದರು. ಇದು ರೋಗವಲ್ಲ, ತಾಯಿ ಹಾಡಿ ಕರೆಯುತ್ತಿದ್ದ ಅಮ್ಮ ಮಗಳ ಮೈಮೇಲೆ ಬಂದಿದ್ದಾಳೆ ಎಂದರು. ನಿನ್ನನ್ನು ಕರೆಸಿ ಎಂದು ಅಕ್ಕನ ಗಂಡ ರಂಗಸ್ವಾಮಿ ಕೇಳಿದ್ದಕ್ಕೆ, "ಬೀಗಿತ್ತಿ ಯಾಕ್ಲಾ ಬರ್ಬೇಕು? ಫೋನಲ್ಲೇ ಹಾಡ್ತಾವ್ಳಲ್ಲ" ಎಂದರಂತೆ. ಇದನ್ನೆಲ್ಲ ಭಾವ ನನಗೆ ಹೇಳಿದ್ದು ಹನ್ನೊಂದನೇ ದಿನದ ಕಾರ್ಯದಲ್ಲಿ, ಎಲೆ ಎತ್ತುವ ಜಾಗದಲ್ಲಿ ನಿಂತು, ನನ್ನ ಮುಖ ನೋಡದೆ. ಮಂಗಳವಾರ, ಶುಕ್ರವಾರ ಮಧ್ಯಾಹ್ನ ಸ್ಪೀಕರಿನಲ್ಲಿ ಹಾಕಿ ಕೂರಿಸುತ್ತಿದ್ದರು. ಹಾಡು ತುದಿಗೆ ಹೋಗುತ್ತಿತ್ತು, ನಿಲ್ಲುತ್ತಿತ್ತು, ತಾನೇ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಊರಿನವರು ಕೇಳಲು ಬರತೊಡಗಿದರು.

ಇನ್ನು ಬರೆಯುವುದು ನನಗೆ ಎಲ್ಲಕ್ಕಿಂತ ಕಷ್ಟದ್ದು. ಅಕ್ಕ ಹೋಗುವುದಕ್ಕೆ ಹನ್ನೊಂದು ದಿನ ಮುಂಚೆ ನನಗೆ ಫೋನು ಮಾಡಿದಳು. ಮಧ್ಯಾಹ್ನ ಎರಡೂವರೆ. ಕೊಟ್ಟಿಗೆಯ ಹಿಂದಿನಿಂದ ಮಾತಾಡುತ್ತಿದ್ದಳು, ಎಮ್ಮೆ ಉಸಿರು ಬಿಡುವುದು ಕೇಳುತ್ತಿತ್ತು. "ಕಿಶ್ನಾ, ಆ ಪದದಲ್ಲಿ ನಮ್ಮವ್ವ ಇಳಿಸೋದು ಹಾಡ್ನಿಲ್ವೇನ್ಲಾ?" ಎಂದಳು. ಅಷ್ಟು ಹೊತ್ತಿಗೆ ಆ ಹಾಡನ್ನು ಮಾಡಿದವನು ನಾನು ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಕತ್ತರಿಸಿದೆ ಎಂದರೆ ನಿನಗೆ ಗೊತ್ತಾಗುತ್ತದೆ, ನೀನು ಬೈಯುತ್ತೀಯ ಎಂದು ಹೆದರಿದೆ. ಬೈಗುಳಕ್ಕೆ ಹೆದರಿದೆ ದೊಡ್ಡವ್ವ, ಅಷ್ಟೇ. "ಇಲ್ಲ ಕಣಕ್ಕ, ದೊಡ್ಡವ್ವಂಗೆ ಸುಸ್ತಾಗಿತ್ತು, ಮರ್ತ್ಬುಟ್ಲು" ಎಂದೆ.

"ನಮ್ಮವ್ವ ಮರ್ತ್ಲಾ?" ಎಂದಳು. ಆಮೇಲೆ "ವಯಸ್ಸಾಯ್ತು ಬುಡು ಪಾಪ" ಎಂದಳು. ಆಮೇಲೆ, "ನಿಂಗೆ ಬತ್ತದಲ್ಲ, ನೀನೇ ಹೇಳ್ಲಾ ಒಂದ್ಕಿತ. ನಿನ್ನ ಕತ್ತೆ ದನೀಲಾದ್ರೂ ಆಯ್ತದೆ. ಮ್ಯಾಕೆ ಹೋದೋಳ್ಗೆ ಕೆಳೀಕ್ ಬರೋದೆಂಗೆ ಅಂತ ತಿಳೀತಾ ಇಲ್ಲ ಕಣ್ಲಾ." ಕೆಲಸದಲ್ಲಿದ್ದೀನಿ ಅಕ್ಕ, ಆಮೇಲೆ ಮಾಡ್ತೀನಿ ಎಂದೆ. ಕೆಲಸವೇನೂ ಇರಲಿಲ್ಲ. ಆ ನಾಲ್ಕು ನಿಮಿಷ ನನ್ನ ಎದುರಿನ ಕಂಪ್ಯೂಟರಿನಲ್ಲೇ ಇತ್ತು. ಕಳಿಸಲು ಎರಡು ನಿಮಿಷ ಸಾಕಿತ್ತು. ಕಳಿಸಿದರೆ ನಾನು ಹೇಳಿದ್ದು ಸುಳ್ಳೆಂದು ಗೊತ್ತಾಗುತ್ತಿತ್ತು, ಅದಕ್ಕೆ ಕಳಿಸಲಿಲ್ಲ. ಆಮೇಲೆ ಫೋನನ್ನೂ ಮಾಡಲಿಲ್ಲ.

ಅವಳು ಅದನ್ನು ನಿನಗೆ ಹೇಳಿರಬೇಕು, ನೀನು ನಂಬಿರಬೇಕು. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಯಾರೂ ಹಿಡಿಯದಿದ್ದರೂ ಎದ್ದು ನಿಂತು, ಕಾಪಿ ಹೊಡೆದಿದ್ದೇನೆ ಎಂದು ಒಪ್ಪಿಕೊಂಡವನು ನಾನು. ಅದರಿಂದಲೇ ಸ್ಕೂಲು ಬಿಟ್ಟದ್ದು. "ನಿಜ ಹೇಳಿ ಉದ್ಧಾರ ಆಗೋ ಮೂತಿ ನೋಡು ಇವುಂದು" ಎಂದು ನೀನು ಮುದ್ದೆ ಬಡಿಸಿದ್ದೆ. ನನ್ನ ಮಾತನ್ನು ಯಾರಾದರೂ ಏಕೆ ಅನುಮಾನಿಸಬೇಕು?

ಆ ಶುಕ್ರವಾರ ನಾಲ್ಕು ಸಲ ಹಾಡು ಸುತ್ತಿತಂತೆ. ಬಂದವರಿಗೆ ಕಾಫಿ ಕೊಡಲು ಮನೆಯವರು ಒಳಗೆ ಹೋದಾಗ ಅಕ್ಕ ಹಿತ್ತಲ ಬಾಗಿಲಿನಿಂದ ಹೋಗಿ ಹೊಲದ ಕೃಷಿ ಹೊಂಡಕ್ಕೆ ಇಳಿದಳು. ಪ್ಲಾಸ್ಟಿಕ್ ಹಾಸಿದ ಹೊಂಡ, ಇಳಿದವರಿಗೆ ಹತ್ತಲು ಹಿಡಿತವಿಲ್ಲ. ಹಾಡು ಒಬ್ಬರನ್ನು ಕೊಲ್ಲುತ್ತದೆಯೇ ಎಂದು ನನಗೆ ಗೊತ್ತಿಲ್ಲ. ಮಾತ್ರೆ ಕೊಟ್ಟಿದ್ದರೆ ಉಳಿಯುತ್ತಿದ್ದಳು ಎಂದೇ ನನಗನ್ನಿಸುತ್ತದೆ. ಆದರೆ ಅವಳು ನನ್ನ ಹತ್ತಿರ ಕೇಳಿದ್ದು ಮಾತ್ರೆಯನ್ನಲ್ಲ.

ಮೊನ್ನೆ ಅಕ್ಕನ ಗಂಡನ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ. ಪುಟ್ಟಲಕ್ಷ್ಮಮ್ಮನವರಿಗೆ ಬೇಡವಾಯಿತು. "ಅಮ್ಮ ಕರ್ಕಂಡ್ಲು ಅಂತ ಊರೇ ಒಪ್ಕಂಡದೆ, ನೀನ್ಯಾವನ್ಲಾ ಎತ್ತಾಡಕ್ಕೆ?" ಎಂದರು. ಹೊಂಡದ ಏರಿಯ ಮೇಲೆ ಒಂದು ಕಲ್ಲು ನೆಟ್ಟು ಅರಿಶಿನ ಹಚ್ಚಿದ್ದಾರೆ. ಶುಕ್ರವಾರ ಅಲ್ಲಿ ಸ್ಪೀಕರು ಇಟ್ಟು ಅದೇ ಹಾಡು ಹಾಕುತ್ತಾರೆ. ಹಾಡನ್ನು ನೆಟ್ಟಿನಿಂದ ತೆಗೆಸಿ ಎಂದು ದೊರೆಸ್ವಾಮಿಯವರ ಕಾಲು ಹಿಡಿದೆ. ತೆಗೆಯಲಿಲ್ಲ, ತೆಗೆದರೂ ಸಾವಿರ ಫೋನಿನಲ್ಲಿ ಇದೆ. ಸ್ಟುಡಿಯೋ ಬಿಟ್ಟು ಈಗ ಇಲ್ಲಿ ಗಾಡಿ ತೊಳೆಯುವ ಕೆಲಸಕ್ಕೆ ಸೇರಿದ್ದೇನೆ.

ಕತ್ತರಿಸಿದ ಆ ತುಂಡನ್ನು ಇಟ್ಟುಕೊಂಡಿದ್ದೇನೆ. ಒಂದೇ ಸಲ ಕೇಳಿದೆ. ಪದದ ಕೊನೆಯಲ್ಲಿ ಕೂತವಳ ಹೆಸರು ಹಿಡಿದು ಮೂರು ಸಲ ಕರೆಯುತ್ತೀಯಲ್ಲ, ಅಲ್ಲಿ ನೀನು ನಿಲ್ಲಿಸಿ, "ಇಲ್ಲಿ ಯಾರೂ ಕೂತಿಲ್ವಲ್ಲೋ, ಯಾರ ಹೆಸ್ರು ಹೇಳ್ಲಿ?" ಎಂದು ಕೇಳಿದ್ದೀಯ. ಯಾವುದಾದರೂ ಹೇಳು ಎಂಬ ನನ್ನ ದನಿಯೂ ಇದೆ. ಪವಿತ್ರ ಎಂದು ಕರೆದಿದ್ದೀಯ. ಮೂರು ಸಲ, ಒಂದಕ್ಕಿಂತ ಒಂದು ಮೆಲ್ಲಗೆ.

ಕ್ಷಮಿಸು ಎಂದು ಬರೆಯುವುದಿಲ್ಲ. ನನ್ನನ್ನು ಹೊಸಿಲೊಳಗೆ ಬಿಡಬೇಡ. ಆದರೆ ಆ ಕಲ್ಲಿನ ಮುಂದೆ ನಿನ್ನ ದನಿ ವಾರ ವಾರವೂ ಏರುತ್ತಿದೆ, ಇಳಿಸುವವರು ಯಾರೂ ಇಲ್ಲ. ಮೆಷಿನ್ನಿನಲ್ಲಿ ಹಾಕಿ ಮುಗಿಸುವಂಥದ್ದಲ್ಲ ಅದು, ಅಷ್ಟು ಈಗ ನನಗೂ ತಿಳಿದಿದೆ. ನೀನು ಹೋಗುವುದಾದರೆ ಯಾವ ಶುಕ್ರವಾರ ಎಂದು ಮೇಘನಳ ಕೈಯಲ್ಲಿ ಒಂದು ಸಾಲು ಬರೆಸು. ಅವರು ಬೇಡವೆಂದು ಅಡ್ಡ ಬಂದರೆ ಬೈಸಿಕೊಳ್ಳಲು, ಹೊಡೆಸಿಕೊಳ್ಳಲು ನಾನಿರುತ್ತೇನೆ. ನೀನು ಹಾಡು ಮುಗಿಸುವವರೆಗೆ ಆ ಸ್ಪೀಕರಿನ ವೈರನ್ನು ಕೈಯಲ್ಲಿ ಹಿಡಿದು ನಿಂತಿರುತ್ತೇನೆ.

ನಿನ್ನ ಗಂಟಲು ತಣ್ಣಗಿರಲಿ.

ನಿನ್ನ ಮಗಳಿಗೂ ನಿನಗೂ ಸುಳ್ಳು ಹೇಳಿದ,
ಕಿಶನ್