ಬಲೆ ಬಿಚ್ಚದ ಕೈ

ನೆಬ್ರಾಸ್ಕ
ಜೂನ್ 9, ಭಾನುವಾರ

ಒಂದು ಕಾಲಕ್ಕೆ ನನ್ನವನಾಗಿದ್ದ ಡ್ಯಾರಲ್ಡ್‌ಗೆ,

ಕ್ಷೇಮವೇ? ಇಲ್ಲವೆಂದು ಬಲ್ಲೆ. ಇಲ್ಲವೆಂದು ಗೊತ್ತಿರುವುದರಿಂದಲೇ ಎರಡು ವರ್ಷದ ಮೇಲೆ ಪೆನ್ನು ಹಿಡಿದಿದ್ದೇನೆ. ನಿಂತು ಓದಬೇಡ, ಕುರ್ಚಿ ಎಳೆದುಕೋ. ನನ್ನ ಬೇಲಿಯಾಚೆಯ ಎಮೆಟ್ ಅಜ್ಜ ನಿನ್ನೆ ತಮ್ಮ ನದಿಯ ಬಯಲನ್ನು ನನಗೆ ಕೊಟ್ಟರು. ಕೇಳಿಸಿತೆ? ನನಗೆ! ಹುಲ್ಲು ಕೊಯ್ದು ಸುತ್ತುವವಳು ನಾನು. ಹುಲ್ಲಿನಲ್ಲಿ ಅರ್ಧ ಅವರದು, ಅರ್ಧ ನನ್ನದು. ಜುಲೈನಲ್ಲಿ ಹುಲ್ಲು ಸುತ್ತುವ ನಿನ್ನ ಹೆಮ್ಮೆಯ ಬೇಲರ್ ಯಂತ್ರ ಆ ಗೇಟಿನ ಹೊರಗೆ ನಿಂತು ಒಳಗೆ ಇಣುಕಿ ನೋಡಬಹುದು.

ನ್ಯಾಯಾಲಯದಲ್ಲಿ ನಮ್ಮ ಸಂಸಾರವನ್ನು ಪಾಲು ಮಾಡಿದ ದಿನ ನೆನಪಿದೆಯೆ? ಹುಲ್ಲಿನ ಸುರುಳಿಗೆ ಬಲೆ ಸುತ್ತುವ ಬೇಲರ್ ನಿನಗೆ. ಹುರಿ ಸುತ್ತುವ, ಎಂಬತ್ನಾಲ್ಕನೆಯ ಇಸವಿಯ ಕೆಂಪು ಬೇಲರ್ ನನಗೆ. ಅದಕ್ಕೂ ಬಲೆಯ ಪೆಟ್ಟಿಗೆ ಕೂರಿಸೋಣವೆಂದು ಹಿಂದೊಮ್ಮೆ ನಾನು ಕೇಳಿದ್ದಕ್ಕೆ ನೀನು, "ಆ ಮುದುಕಿಗೆ ಹೊಸ ಗೌನ್ ಬೇರೆ ಕೇಡು!" ಎಂದಿದ್ದೆ. ಅಷ್ಟಕ್ಕೆ ಬಿಟ್ಟೆಯಾ? ದನದ ಸಂತೆಯ ಕೆಫೆಯಲ್ಲಿ ಎದ್ದು ನಿಂತು, "ನಾನು ಹತ್ತು ಸುರುಳಿ ಉರುಳ್ಸೋ ಹೊತ್ಗೆ ಅವ್ಳು ಮೂರನೇದಕ್ಕೆ ದಾರ ಸುತ್ತಾ ಕೂತಿರ್ತಾಳೆ. ಬರೋ ಚಳಿಗಾಲಕ್ಕೆ ವರ್ಲೀನ್ ದನ ಮಾರದಿದ್ರೆ ನನ್ನ ಟೋಪಿ ತಿಂತೀನಿ," ಎಂದು ಸಾರಿದೆ. ಎಲ್ಲರೂ ನಕ್ಕರು. ಎಮೆಟ್ ನಗಲಿಲ್ಲ. ಆದರೆ ಹತ್ತೊಂಬತ್ತು ವರ್ಷ ನಾವಿಬ್ಬರೂ ಸೇರಿ ಕೊಯ್ದ ಬಯಲನ್ನು ನಿನ್ನೊಬ್ಬನ ಕೈಗೇ ಇಟ್ಟರು. ಆ ಹುಲ್ಲಿಲ್ಲದೆ ನನ್ನ ನಲವತ್ತೆರಡು ಹಸುಗಳು ಇನ್ನೊಂದು ಚಳಿಗಾಲ ದಾಟುವಂತಿರಲಿಲ್ಲ. ಅದು ನಿನಗೆ ಚೆನ್ನಾಗಿ ಗೊತ್ತಿತ್ತು.

ನಿಜ ಹೇಳಲು ನನಗೆ ನಾಚಿಕೆಯಿಲ್ಲ. ಬಲೆ ಒಳ್ಳೆಯದು. ಎರಡೂವರೆ ಸುತ್ತು ಬಿಗಿದರೆ ಕೆಲಸ ಮುಗಿಯಿತು. ಮಳೆನೀರು ಜಾರಿಹೋಗುತ್ತದೆ, ಎಲೆ ಉದುರುವುದಿಲ್ಲ. ನನ್ನ ಮುದುಕಿಯಾದರೋ ಪ್ರತಿ ಸುರುಳಿಗೂ ನಿಲ್ಲಬೇಕು. ಅದರ ತೋಳು ಈ ಅಂಚಿನಿಂದ ಆ ಅಂಚಿಗೆ ಹುರಿ ಎಳೆದುಕೊಂಡು, ಚರ್ಚಿನಲ್ಲಿ ಹೆಜ್ಜೆಯಿಡುವ ಮುದಿ ಪಾದ್ರಿಯ ಹಾಗೆ ಸಾಗುವುದನ್ನು ಕುತ್ತಿಗೆ ತಿರುಗಿಸಿ ಕಾಯಬೇಕು. ನನ್ನ ಕುತ್ತಿಗೆ ಇಂದಿಗೂ ಎಡಕ್ಕೇ ವಾಲಿದೆ. ಆದರೆ ನಾನು ಹಾಕುವುದು ಕತ್ತಾಳೆ ಹುರಿ. ಹಸು ಒಂದೆಳೆ ನುಂಗಿದರೂ ಅರಗುತ್ತದೆ. ನಿನ್ನ ಬಲೆ ಪ್ಲಾಸ್ಟಿಕ್. ಬಿಚ್ಚಿ ಹಾಕಬೇಕು. ಅಷ್ಟೇ ಕೆಲಸ, ಡ್ಯಾರಲ್ಡ್. ಒಂದು ಚಾಕು, ಎರಡು ನಿಮಿಷ!

ಆ ಎರಡು ನಿಮಿಷ ನಿನ್ನಿಂದಾಗಲಿಲ್ಲ. ಎಮೆಟ್ ಸೊಂಟ ಮುರಿದುಕೊಂಡು ಊರಿನ ಆರೈಕೆ ಮನೆ ಸೇರಿದಾಗ, "ನಿಮ್ಮ ದನಕ್ಕೆ ನಾನು ಮೇವು ಹಾಕ್ತೀನಿ, ಚಿಂತೆ ಬಿಡಿ," ಎಂದು ಎದೆ ತಟ್ಟಿ ಹೇಳಿದವನು ನೀನೇ. ಜನವರಿಯ ಹಿಮಮಳೆಗೆ ಬಲೆ ಸುರುಳಿಗೇ ಅಂಟಿ ಗಾಜಾಯಿತು. ನೀನು ಅದನ್ನು ಬಲೆ ಸಮೇತ ಮೇವು ಕತ್ತರಿಸುವ ಯಂತ್ರಕ್ಕೆ ತಳ್ಳಿದೆ. ನಿನ್ನ ತಲೆಯಲ್ಲಿ ಇನ್ನೂ ನಿಮ್ಮಪ್ಪನ ಕಾಲವೇ ಓಡುತ್ತಿತ್ತು. "ನಮ್ಮಪ್ಪ ಯಾವತ್ತಾದ್ರೂ ಹುರಿ ಬಿಚ್ಚಿದ್ನಾ? ದನ ತಿಂದ್ಕೊಂಡು ಅರಗಿಸ್ಕೊಳ್ತಿರ್ಲಿಲ್ವಾ?" ಹೊಸ ಬೇಲರ್ ತಂದ ಮೊದಲ ವರ್ಷ ನಮ್ಮ ಕೆಂಪು ಕಡಸು ಸತ್ತಾಗಲೂ ಇದನ್ನೇ ಅಂದಿದ್ದೆ. ಅದರ ಹೊಟ್ಟೆಯಿಂದ ಬಲೆ ತೆಗೆದು ತೋರಿಸಿದಾಗ ಬಾಯಿ ಮುಚ್ಚಿದ್ದೆ. ಅದೂ ಮರೆತುಹೋಯಿತೆ?

ಮಾರ್ಚಿನಲ್ಲಿ ಎಮೆಟ್‌ರ ಹಸುಗಳು ಒಂದೊಂದಾಗಿ ಬಿದ್ದವು. ಹೊಟ್ಟೆ ಡೊಳ್ಳು, ಬೆನ್ನು ಗರಗಸ. ಮೊದಲ ಮೂರನ್ನು ವಯಸ್ಸಾಗಿತ್ತೆಂದು ಹೇಳಿ ನೀನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಬಿಟ್ಟೆ. ನಾಲ್ಕನೆಯದು ಬಿಳಿ ಮುಖದ್ದು, ಎಮೆಟ್ ಸೀಸೆಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು. ಆಗ ನಾನು ದನದ ಡಾಕ್ಟರ್ ಟೂಮಾಗೆ ಫೋನ್ ಮಾಡಿ, "ಹೊಟ್ಟೆ ಸೀಳಿ ನೋಡಿಯಮ್ಮಾ," ಎಂದೆ. ಆಕೆ ಹೊರತೆಗೆದದ್ದು ಕುಂಬಳಕಾಯಿ ಗಾತ್ರದ ಗಂಟು. ಅರಗದ ಹುಲ್ಲು ಮೆತ್ತಿ ಕಂಬಳಿಯಂತಾಗಿದ್ದ ಅದು ಪ್ಲಾಸ್ಟಿಕ್ ಎಂಬುದಷ್ಟೇ ಆಕೆಗೆ ಗೊತ್ತಾಯಿತು, ಹುರಿಯೋ ಬಲೆಯೋ ತಿಳಿಯಲಿಲ್ಲ. ನೀನೇನು ಮಾಡಿದೆ? "ಅದು ವರ್ಲೀನ್ ಹುರಿ, ಅವ್ಳೂ ಈಗ ಪ್ಲಾಸ್ಟಿಕ್ದೇ ಹಾಕೋದು. ಗಾಳಿಗೆ ಬೇಲಿ ದಾಟಿ ಬಂದಿದೆ. ಆ ಮುದುಕೀ ಬೇಲರಿಂದು!" ಎಂದು ಊರಿಗೆಲ್ಲ ಡಂಗುರ ಹೊಡೆದೆ. ಎಮೆಟ್ ನಂಬಿದರು. ನನ್ನ ನೆರಳೂ ತಮ್ಮ ಗೇಟಿನೊಳಗೆ ಬೀಳಬಾರದೆಂದು ಹೇಳಿಕಳಿಸಿದರು.

ಆ ಗಂಟನ್ನು ನಾನು ಡಾಕ್ಟರಿಂದ ಬೇಡಿ ತಂದೆ. ಮೂರು ದಿನ ಬಿಸಿ ನೀರು, ಸೋಪಿನ ಪುಡಿ. ಹಳೆಯ ಬಾಚಣಿಗೆಯಲ್ಲಿ ಎಳೆ ಎಳೆ ಬಿಡಿಸಿದೆ. ವಾಸನೆಗೆ ಊಟ ಸೇರಲಿಲ್ಲ. ಆದರೂ, ದೇವರಾಣೆ, ಹಾಡಿಕೊಂಡು ಬಿಡಿಸಿದೆ!

ಆ ಗುರುವಾರ ಸಂತೆಯ ದಿನ, ಕೆಫೆ ತುಂಬಿ ತುಳುಕುತ್ತಿತ್ತು. ಎಮೆಟ್ ಗಾಲಿಕುರ್ಚಿಯಲ್ಲಿ ನಿನ್ನ ಮೇಜಿನಲ್ಲೇ ಕೂತಿದ್ದರು. ನನ್ನ ಬಕೆಟ್ ನೋಡಿ ನೀನು, "ಏನೇ ವರ್ಲೀನ್, ಮೀನು ಹಿಡ್ಕೊಂಡು ಬಂದ್ಯಾ?" ಎಂದೆ.

"ಹೌದು ಕಣೋ, ಬಲೆ ಸಮೇತ," ಎಂದೆ ನಾನು.

ಅದನ್ನು ನಿನ್ನ ಸೇಬಿನ ಪೈ ಪಕ್ಕದಿಂದ ಹಿಡಿದು ಮೇಜಿನುದ್ದಕ್ಕೂ ಹರಡಿದೆ. ಚೂರುಚೂರಾಗಿದ್ದರೂ ಬಲೆ ಬಲೆಯೇ. ಕಣ್ಣು ಕಣ್ಣಾದ ಹೆಣಿಗೆ, ಹಸಿರು ಅಂಚು. ಆ ಹಸಿರು ಅಂಚಿನ ಬಲೆ ತರಿಸುವವನು ಈ ಸೀಮೆಯಲ್ಲಿ ನೀನೊಬ್ಬನೇ.

"ಇದು ನನ್ನ ಹುರಿನಾ, ಡ್ಯಾರಲ್ಡ್? ಗಟ್ಟಿಯಾಗಿ ಹೇಳು, ಹಿಂದಿನ ಬೆಂಚ್ನೋರ್ಗೂ ಕೇಳ್ಲಿ!"

ಎಮೆಟ್ ಬೆರಳಲ್ಲಿ ಆ ಅಂಚನ್ನು ಸವರಿದರು. "ಪ್ರತಿ ಭಾನುವಾರ ಬಂದು ನನ್ನ ಹಾಸ್ಗೆ ಪಕ್ಕ ಕೂತು, ಬಿಚ್ಚೇ ಹಾಕ್ತಿದ್ದೀನಿ ಅಂತಿದ್ಯಲ್ಲಪ್ಪಾ," ಎಂದರು.

"ಐಸ್ ಕಟ್ಟಿತ್ತು ಎಮೆಟ್... ಬಿಚ್ಚೋಕೇ ಬರ್ತಿರ್ಲಿಲ್ಲ..."

"ಹಾಗಂತ ನಂಗೆ ಹೇಳ್ಬೇಕಿತ್ತು."

ಅಷ್ಟೇ. ಬೈಗುಳವಿಲ್ಲ, ಕೂಗಿಲ್ಲ. ಪಾತ್ರೆ ಎತ್ತುತ್ತಿದ್ದ ಲವೋನ್, "ಪೈ ಕಟ್ಕೊಡ್ಲಾ ಡ್ಯಾರಲ್ಡ್? ಇಲ್ಲಾ ಟೋಪಿನೇ ತಿಂತೀಯಾ?" ಎಂದಳಲ್ಲ, ಆಗ ಎದ್ದ ನಗು ಈಗಲೂ ನನ್ನ ಕಿವಿಯಲ್ಲಿ ಬ್ಯಾಂಡಿನಂತೆ ಬಾರಿಸುತ್ತಿದೆ. ನೀನು ಬಾಗಿಲಿನವರೆಗೆ ನಡೆದದ್ದು ಹದಿನಾಲ್ಕು ಹೆಜ್ಜೆ. ಎಣಿಸಿದ್ದೇನೆ.

ಹಾಗೆ ಈ ಬಯಲು ನನ್ನದಾಯಿತು. ನನ್ನ ಮುದುಕಿ ನಿಧಾನವಾಗಿಯೇ ಸುತ್ತಲಿ. ನೀನು ಆ ರಸ್ತೆಯಲ್ಲಿ ಹೋಗುವಾಗ ಅವಳು ಒಂದೊಂದು ಸುರುಳಿಯನ್ನೂ ಹೆತ್ತು ಕೆಳಗಿಡುವುದನ್ನು ಕಣ್ತುಂಬ ನೋಡು. ಕ್ಷಮಿಸು ಎಂದು ಬರೆಯಬೇಡ. ಓದುವುದಿಲ್ಲ.

ಒಂದು ಕಾಲಕ್ಕೆ ನಿನ್ನವಳಾಗಿದ್ದ,
ವರ್ಲೀನ್ ಕ್ರಾಟೊಖ್ವಿಲ್

ತಾ.ಕ.: ಬಯಲಿನ ಕಾಗದಕ್ಕೆ ಸಹಿ ಹಾಕಿದ ಮೇಲೆ ಎಮೆಟ್ ನನ್ನ ಕೈ ಹಿಡಿದು ಕೇಳಿದರು: "ನಿಮ್ಮನೆ ಅಡುಗೆಮನೆ ಕಿಟಕಿ ನನ್ನ ದನದ ಕೊಟ್ಟಿಗೆ ಕಡೆಗೇ ಇದ್ಯಲ್ಲಮ್ಮಾ. ಚಳಿಗಾಲದಲ್ಲಿ ಅವನು ಹೆಂಗೆ ಮೇವು ಹಾಕ್ತಿದ್ದ ಅಂತ ನಿನ್ಗೂ ಕಾಣ್ಲಿಲ್ವಾ?" ಚಳಿಗೆಂದು ಆ ಕಿಟಕಿಗೆ ದಪ್ಪ ಪರದೆ ಎಳೆದಿರುತ್ತೇನೆ, ವಸಂತದವರೆಗೆ ತೆಗೆಯುವುದಿಲ್ಲ ಎಂದೆ. ಪಾಪ, ನಂಬಿದರು. ಅದಕ್ಕೆ ಎಂದೂ ಪರದೆಯೇ ಇರಲಿಲ್ಲವೆಂದು ಬಲ್ಲವನು ನೀನೊಬ್ಬನೇ. ಜನವರಿಯ ಮೊದಲ ಸುರುಳಿಯಿಂದ ಕೊನೆಯದರವರೆಗೆ, ಕೈಯಲ್ಲಿ ಕಾಫಿ ಹಿಡಿದು, ಎಲ್ಲವನ್ನೂ ನೋಡಿದೆ. ಒಂದು ಫೋನ್ ಸಾಕಿತ್ತು. ಆ ಬಿಳಿ ಮುಖದ್ದಾದರೂ ಉಳಿಯುತ್ತಿತ್ತು. ಹೋಗು, ಊರಿಗೆಲ್ಲ ಹೇಳು. ನಿನ್ನನ್ನು ಈಗ ಯಾರು ನಂಬುತ್ತಾರೆ? ಆದರೂ ಪೇಟೆಯಿಂದ ಆ ಕಿಟಕಿಗೆ ಬಟ್ಟೆ ತಂದಿದ್ದೇನೆ. ಈ ಕಾಗದ ಮಡಚಿಟ್ಟು ಹೊಲಿಯಲು ಕೂರಬೇಕು.