ಥಿಯೇಟರ್ ಬಾಗಿಲಲ್ಲಿ ಕೇಳಿದ ಸಹಿ

ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ಬೆನ್ನು ಕೊಯ್ಯುವುದಕ್ಕೆ ಹತ್ತು ನಿಮಿಷ ಮುಂಚೆ, ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ರೋಗಿಯನ್ನು ಸ್ಟ್ರೆಚರ್ ಮೇಲೆ ಅಂಗಾತ ಮಲಗಿಸಿ, ಕನ್ನಡಕವನ್ನೂ ತೆಗೆದಿಟ್ಟು, ನಾಲ್ಕು ಪುಟದ ಒಪ್ಪಿಗೆ ಪತ್ರಕ್ಕೆ ಸಹಿ ಕೇಳುವುದನ್ನು ತಮ್ಮಲ್ಲಿ 'ತಿಳಿದು ಕೊಟ್ಟ ಸಮ್ಮತಿ' ಎನ್ನುತ್ತಾರಂತೆ. ಯಾರು ತಿಳಿದರು, ಏನನ್ನು?

ನಾನು ಟೈಲರ್. ಇಪ್ಪತ್ತೆರಡು ವರ್ಷ ಮೆಷಿನ್ ಮೇಲೆ ಬಾಗಿದವಳು. ನಡುಬೆನ್ನಿನಲ್ಲಿ ಡಿಸ್ಕ್ ಜಾರಿ ಬೆನ್ನುಹುರಿಯನ್ನು ಒತ್ತುತ್ತಿತ್ತು. ಪೆಡಲ್ ಮೇಲೆ ಕಾಲಿದೆಯೋ ಇಲ್ಲವೋ ತಿಳಿಯದಂತಾಗಿತ್ತು. ತಮ್ಮ ಸರ್ಜನ್ ಸ್ಕ್ಯಾನನ್ನು ಬೆಳಕಿಗೆ ಹಿಡಿದು, "ಆಪರೇಷನ್, ಗುರುವಾರ" ಎಂದರು. ಸ್ಕ್ಯಾನ್ ನೋಡಿದರು, ನನ್ನನ್ನಲ್ಲ.

ಗುರುವಾರ ಸಹಿಗೆ ಬಂದ ಕಿರಿಯ ವೈದ್ಯರನ್ನು ಕೇಳಿದೆ: "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಏನಾಗುತ್ತೆ? ಬೇರೆ ದಾರಿ ಇಲ್ವಾ?"

"ಎಲ್ಲಾ ಇದರಲ್ಲೇ ಬರೆದಿದೆ ಅಮ್ಮ. ಸೈನ್ ಮಾಡಿ, ಒಳಗೆ ಕಾಯ್ತಿದ್ದಾರೆ."

ಒಂದು ಅಂಗಿಯ ಬಟ್ಟೆಗೆ ಕತ್ತರಿ ಇಡುವ ಮೊದಲು ನಾನು ಎರಡೆರಡು ಸಲ ಕೇಳುತ್ತೇನೆ. ಬಟ್ಟೆ ಕೆಟ್ಟರೆ ಇನ್ನೊಂದು ತರಬಹುದು. ಜೊತೆಗೆ ಬಂದಿದ್ದ ನಾದಿನಿಯ ಹೆಗಲು ಹಿಡಿದು ಸ್ಟ್ರೆಚರಿನಿಂದ ಇಳಿದುಬಿಟ್ಟೆ. ಬೆನ್ನ ಹಿಂದೆ ದಾರ ಕಟ್ಟುವ ಆ ಗೌನಿನಲ್ಲಿ ಮಾನ ಮುಚ್ಚಿಕೊಂಡು ವಾರ್ಡಿನವರೆಗೆ ಕಾಲೆಳೆದೆ. ಫೈಲಿನಲ್ಲಿ 'ರೋಗಿ ಅಸಹಕಾರಿ' ಎಂದು ಬರೆದರು. ಅದನ್ನು ಬರೆಯಲು ಮಾತ್ರ ಪುರುಸೊತ್ತಿತ್ತು.

ಸಂಜೆ ಇನ್ನೊಬ್ಬ ವೈದ್ಯೆ ಬಂದು ಹಾಸಿಗೆಯ ಅಂಚಿನಲ್ಲಿ ಕೂತರು. ನಡುಬೆನ್ನಿನಲ್ಲಿ ಹುರಿಗೆ ಜಾಗ ಇಕ್ಕಟ್ಟು, ರಕ್ತ ಪೂರೈಕೆಯೂ ಕಡಿಮೆ. ಪೆಟ್ಟಾದರೆ ಎರಡೂ ಕಾಲು, ಮೂತ್ರದ ಹಿಡಿತ ಹೋಗಬಹುದು ಎಂದರು. ಎದೆಯ ಕಡೆಯಿಂದ ಹೋದರೆ ಶ್ವಾಸಕೋಶಕ್ಕೆ ತೊಂದರೆಯ ಭಯ. ಹಿಂದಿನಿಂದ, ಪಕ್ಕೆಲುಬಿನ ತುಂಡು ತೆಗೆದು ಹೋದರೆ ಪಕ್ಕೆಯಲ್ಲಿ ಉರಿ ಉಳಿಯಬಹುದು.

"ಬರೀ ನೋವಾಗಿದ್ರೆ ವ್ಯಾಯಾಮ, ಮಾತ್ರೆ ಕೊಟ್ಟು ಕಾದು ನೋಡ್ತಿದ್ದೆ. ಆದ್ರೆ ಕಾಲಿನ ಶಕ್ತಿ ಇಳೀತಿದೆ. ಈಗ ಕಾಯೋದೇ ಹೆಚ್ಚು ಅಪಾಯ."

"ನಿಮ್ಮ ಅಕ್ಕನಿಗೇ ಹೀಗಾಗಿದ್ರೆ?" ನಾದಿನಿ ಕೇಳಿದಳು.

"ಹಿಂದಿನಿಂದ ಮಾಡಿಸ್ತಿದ್ದೆ. ಹೆದರ್ಕೊಂಡೇ."

ಇಷ್ಟಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ. ಎದ್ದು ಕೂತು, ಓದಿ, ಸಹಿ ಹಾಕಿದೆ.

ಕಾಲು ಉಳಿಯಿತು. ಪಕ್ಕೆಯ ಉರಿಯೂ ಉಳಿಯಿತು. ಮೊದಲೇ ಗೊತ್ತಿದ್ದರಿಂದ ಗಾಬರಿಯಾಗಲಿಲ್ಲ. ಆದರೆ ಪಕ್ಕದ ಕೋಣೆಯ ಬಡಗಿ ಬಾಗಿಲಲ್ಲೇ ಸಹಿ ಹಾಕಿ ಒಳಗೆ ಹೋದವರು. ಎಚ್ಚರವಾದಾಗ ಕಾಲು ಅಲ್ಲಾಡಲಿಲ್ಲ. ಔಷಧಿ ಕೊಡಲು ಬಂದವರನ್ನು, ನೆಲ ಒರೆಸಲು ಬಂದವರನ್ನು, "ಮಂಪರು ಇಳಿದ್ಮೇಲೆ ಸರಿಹೋಗುತ್ತಲ್ವಾ?" ಎಂದು ಕೇಳುತ್ತಾರೆ. ಇವತ್ತಿಗೆ ಒಂಬತ್ತನೆಯ ದಿನ. ಇಷ್ಟು ದೊಡ್ಡ ಕಟ್ಟಡದಲ್ಲಿ ಉತ್ತರ ಹೇಳುವ ಬಾಯಿ ಒಂದೂ ಇಲ್ಲವೇ?

ಕನಿಷ್ಠ ಒಂದು ದಿನ ಮುಂಚೆ, ಮನೆಯವರ ಎದುರು, ರೋಗಿಗೆ ಅರ್ಥವಾಗುವ ಮಾತಿನಲ್ಲಿ ಅಪಾಯಗಳನ್ನೂ ಬೇರೆ ದಾರಿಗಳನ್ನೂ ವಿವರಿಸಬೇಕೆಂದು ಲಿಖಿತ ಆದೇಶ ಹೊರಡಿಸಿ. ಆದೇಶ ಟೈಪಾಗುವಷ್ಟರಲ್ಲಿ ತಾವೇ ಹೋಗಿ ಆ ಬಡಗಿಯ ಹತ್ತಿರ ಕೂತು ನಿಜ ಹೇಳಿ.

ಇಂತಿ,
ಹತ್ತು ನಿಮಿಷಕ್ಕೊಮ್ಮೆ ಎದ್ದು ಓಡಾಡುತ್ತ ಇದನ್ನು ಬರೆದು ಮುಗಿಸಿದ
ಒಬ್ಬ ಟೈಲರ್