ಓದದೆ ತಂದ ಪೊಟ್ಟಣ

ಮಾರ್ಚ್ ೧೧, ಮಂಗಳವಾರ.

"ಇನ್ನು ಅವರು ಕೇಳಿದ್ದನ್ನೆಲ್ಲ ಕೊಡಿ" ಎಂದು ಡಾಕ್ಟರು ಬೆಳಿಗ್ಗೆ ನನ್ನೊಬ್ಬಳಿಗೇ ಹೇಳಿದರು. ಕರುಳಿನ ಕ್ಯಾನ್ಸರಿನ ಆಪರೇಷನ್ ಆದಮೇಲೆ ಅಪ್ಪನಿಗೆ ನಾನು ಸಾಸೇಜ್ ಮುಟ್ಟಿಸಿರಲಿಲ್ಲ. ಅಂಗಡಿಯಲ್ಲಿ ಪೊಟ್ಟಣದ ಹಿಂದಿನ ಸಣ್ಣಕ್ಷರಗಳನ್ನು ಪೂರ್ತಿ ಓದಿ, ಮತ್ತೆ ಅಲ್ಲೇ ಇಟ್ಟು ಬರುತ್ತಿದ್ದೆ. ಇವತ್ತು ಓದದೆ ತಂದುಬಿಟ್ಟೆ. ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿಯ ಜೊತೆ ಒಂದೇ ಟ್ರೇಯಲ್ಲಿ ಹರಡಿ ಓವನ್ನಿಗಿಟ್ಟೆ. ವಾಸನೆಗೆ ಅಪ್ಪ ತಾವಾಗಿಯೇ ಎದ್ದು ಬಂದು ಊಟಕ್ಕೆ ಕೂತರು.

"ಏನಮ್ಮಾ, ನಿನ್ನ ಕಾನೂನು ಸಡಿಲ ಆಯ್ತಾ?"

"ಒಂದಿನ ತಿಂದ್ರೆ ಏನೂ ಆಗಲ್ಲಪ್ಪ."

"ಪೊಟ್ಟಣದ ಹಿಂದೆ ಏನ್ ಬರ್ದಿದ್ದಾನೆ? ನಿಂಗೆ ಬಾಯಿಪಾಠ ಆಗಿರ್ಬೇಕಲ್ಲ."

"ಇವತ್ತು ಓದ್ಲಿಲ್ಲ."

ಅಪ್ಪ ಫೋರ್ಕ್ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. ಆಮೇಲೆ ತಮ್ಮ ತಟ್ಟೆಯ ಸಾಸೇಜೊಂದನ್ನು ನನ್ನ ತಟ್ಟೆಗೆ ಹಾಕಿ, "ಬಿಸಿ ಇರುವಾಗ್ಲೇ ತಿನ್ನು, ಮಗಳೇ" ಎಂದರು.

ತಿಂದೆ. ರುಚಿಯಾಗಿಯೇ ಇತ್ತು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.